ಶಾಸನಸಭೆಗೆ ಹೋದ ಶಿಕ್ಷಕಿ

ಓದು ಬರಹ ಬಾರದವರಿಗೆ ಮತದ ಹಕ್ಕು ಇರಬೇಕೆ? ಬಿ.ಎ. ತರಗತಿಯಲ್ಲಿ ನಮ್ಮ ರಾಜ್ಯಶಾಸ್ತ್ರದ ಮೇಡಂ ಹೀಗೆ ಕೇಳಿದಾಗ ಬೇಡವೆಂದು ಕೈ ಎತ್ತಿದವರೇ ಹೆಚ್ಚು. ಅವರು ವಯಸ್ಕರಿಗೆಲ್ಲ ಮತದ ಹಕ್ಕು ಕೊಡುವ ಸಂವಿಧಾನದ 326ನೇ ವಿಧಿಯನ್ನು ಓದಿಸಿದರು. 1951–52ರ ಮೊದಲ ಮಹಾಚುನಾವಣೆಯಲ್ಲಿ ಚಿಹ್ನೆ ನೋಡಿ ಮತ ಹಾಕಿದ ಲಕ್ಷಾಂತರ ಹೆಂಗಸರನ್ನು ನೆನಪಿಸಿದರು. ಆ ಪಾಠದ ಬೆಲೆ ನನಗೆ ಪೂರ್ತಿಯಾಗಿ ತಿಳಿದದ್ದು, ಸಂಶೋಧನೆಗೆಂದು ದಕ್ಷಿಣ ಬ್ರೆಜಿಲ್‌ನ ಫ್ಲೋರಿಯಾನೊಪೊಲಿಸ್‌ಗೆ ಹೋದ ಮೇಲೆ. ಅಲ್ಲಿ ನಾನು ಅರಿತ, ಶಿಕ್ಷಕಿಯೂ ಶಾಸಕಿಯೂ ಆಗಿದ್ದ ಆಂತೊನಿಯೆತಾ ದೆ ಬಾರೊಸ್ ಬಗ್ಗೆ ಕಾಲೇಜಿನ ಸಂಚಿಕೆಯಲ್ಲಿ ಬರೆಯಬೇಕೆಂಬುದು ನನ್ನ ಬಹುದಿನದ ಆಸೆ.

ಆಂತೊನಿಯೆತಾ ಹುಟ್ಟಿದ್ದು 1901ರಲ್ಲಿ, ಅದೇ ಊರಿನಲ್ಲಿ. ಬ್ರೆಜಿಲ್‌ನಲ್ಲಿ ಗುಲಾಮಗಿರಿ ರದ್ದಾಗಿ ಆಗ ಇನ್ನೂ ಹದಿಮೂರೇ ವರ್ಷ. ತಾಯಿ ಕತರೀನಾ ಗುಲಾಮಗಿರಿಯಿಂದ ಬಿಡುಗಡೆಗೊಂಡು ಊರವರ ಬಟ್ಟೆ ಒಗೆದು ಬದುಕುತ್ತಿದ್ದವರು. ತಂದೆ ಬೇಗ ತೀರಿಕೊಂಡರು. ತಾಯಿ ವಿದ್ಯಾರ್ಥಿಗಳಿಗೆ ಊಟ, ವಸತಿ ಕೊಟ್ಟು ಮಕ್ಕಳನ್ನು ಸಾಕಿದರು. ಆ ವಿದ್ಯಾರ್ಥಿಗಳ ನಡುವೆಯೇ ಮಗಳಿಗೆ ಅಕ್ಷರ ಒಲಿಯಿತು. ಶಿಕ್ಷಕ ತರಬೇತಿ ಮುಗಿಸಿದ ಮರುವರ್ಷ, 1922ರಲ್ಲಿ, ಅವರು ಬಡವರಿಗೆ ಓದು ಕಲಿಸಲು ಸ್ವಂತ ಪಾಠಶಾಲೆಯನ್ನೇ ತೆರೆದರು.

ಮೇಡಂ ಕೇಳಿದ ಪ್ರಶ್ನೆಯ ಇನ್ನೊಂದು ಮುಖ ನನಗೆ ಕಂಡದ್ದು ಇಲ್ಲಿಯೇ. ಬ್ರೆಜಿಲ್‌ನ ಮಹಿಳೆಯರಿಗೆ ಮತದ ಹಕ್ಕು ಬಂದದ್ದು 1932ರಲ್ಲಿ. ಆದರೆ ನಿರಕ್ಷರಿಗಳಿಗೆ, ಹೆಣ್ಣಿರಲಿ ಗಂಡಿರಲಿ, ಆ ಹಕ್ಕು ದಕ್ಕಲು 1985ರವರೆಗೆ ಕಾಯಬೇಕಾಯಿತು. ಗುಲಾಮರ ಮಕ್ಕಳಿಗೆ ಶಾಲೆಯೂ ಇಲ್ಲ, ಶಾಲೆ ಇಲ್ಲದ್ದರಿಂದ ಮತವೂ ಇಲ್ಲ! ಅಂಥ ದೇಶದಲ್ಲಿ ಒಬ್ಬರಿಗೆ ಸಹಿ ಹಾಕಲು, ಪತ್ರಿಕೆ ಓದಲು ಕಲಿಸುವುದೆಂದರೆ ಒಬ್ಬ ಮತದಾರನನ್ನು ಹುಟ್ಟುಹಾಕಿದಂತೆ. ಆಂತೊನಿಯೆತಾ ಅವರ ರಾಜಕೀಯ ಶುರುವಾದದ್ದು ಪಾಠಶಾಲೆಯಲ್ಲಿ ಎಂದೇ ನಾನು ತಿಳಿದಿದ್ದೇನೆ.

'ಮರಿಯಾ ದ ಇಲ್ಯ', ಅಂದರೆ ದ್ವೀಪದ ಮರಿಯಾ, ಎಂಬ ಹೆಸರಿನಲ್ಲಿ ಅವರು ಪತ್ರಿಕೆಗಳಿಗೆ ಅಂಕಣ ಬರೆದರು. 1934ರ ಚುನಾವಣೆಗೆ ಲಿಬರಲ್ ಪಕ್ಷದಿಂದ ನಿಂತು, ಮರುವರ್ಷ ತಮ್ಮ ಸಾಂತಾ ಕತರೀನಾ ರಾಜ್ಯದ ಶಾಸನಸಭೆಯನ್ನು ಪ್ರವೇಶಿಸಿದರು. ಆ ರಾಜ್ಯಕ್ಕೆ ಮೊದಲ ಶಾಸಕಿ, ಇಡೀ ಬ್ರೆಜಿಲ್‌ಗೆ ಮೊದಲ ಕಪ್ಪು ಶಾಸಕಿ. ಜರ್ಮನ್, ಇಟಾಲಿಯನ್ ವಲಸಿಗರ ವಂಶಸ್ಥರೇ ತುಂಬಿರುವ ರಾಜ್ಯದಲ್ಲಿ ಇದು ನಡೆಯಿತು ಎಂಬುದನ್ನು ನೆನೆದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ. ರಾಜ್ಯ ಸಂವಿಧಾನ ರಚನೆಯಾಗುವಾಗ ಶಿಕ್ಷಣದ ಅಧ್ಯಾಯದ ಹೊಣೆ ಅವರ ಮೇಲೆ ಬಿತ್ತು. 1937ರಲ್ಲಿ ಅಧ್ಯಕ್ಷ ಗೆಟುಲಿಯೊ ವರ್ಗಾಸ್ ಅವರ ಸರ್ವಾಧಿಕಾರ ಶಾಸನಸಭೆಗಳನ್ನೇ ಮುಚ್ಚಿಸಿತು. ಆಂತೊನಿಯೆತಾ ಶಾಲೆಗೆ ಮರಳಿದರು, ಮುಂದೆ ರಾಜ್ಯದ ಶಿಕ್ಷಣ ಸಂಸ್ಥೆಯ ನಿರ್ದೇಶಕಿಯೂ ಆದರು.

ಪ್ರಜಾಪ್ರಭುತ್ವ ಮರಳಿದ ಮೇಲೆ ಅವರೂ ಮತ್ತೆ ಸಭೆಗೆ ಬಂದರು. ಶಿಕ್ಷಕರ ನೇಮಕ ಶಿಫಾರಸಿನಿಂದಲ್ಲ, ಸ್ಪರ್ಧಾತ್ಮಕ ಪರೀಕ್ಷೆಯಿಂದ ಆಗಬೇಕು, ಬಡ ಮಕ್ಕಳಿಗೆ ಉನ್ನತ ಶಿಕ್ಷಣದ ವಿದ್ಯಾರ್ಥಿವೇತನ ಸಿಗಬೇಕು ಎಂದು ವಾದಿಸಿದರು. 1948ರಲ್ಲಿ ಅವರ ಪ್ರಸ್ತಾವದಿಂದಲೇ ಅಕ್ಟೋಬರ್ 15 ಆ ರಾಜ್ಯದ ಶಿಕ್ಷಕರ ದಿನವಾಯಿತು, 1963ರಲ್ಲಿ ಇಡೀ ದೇಶದ್ದಾಯಿತು. ಬ್ರೆಜಿಲ್‌ನ ಮಕ್ಕಳು ಪ್ರತಿವರ್ಷ ಆ ದಿನವನ್ನು ಆಚರಿಸುತ್ತಾರೆ, ಆದರೆ ಅದರ ಹಿಂದಿರುವ ಹೆಸರು ಅನೇಕರಿಗೆ ಗೊತ್ತಿಲ್ಲದಿರುವುದು ನನಗೆ ನೋವು ತರುತ್ತದೆ.

ಅವಮಾನಗಳೂ ಕಡಿಮೆಯಿರಲಿಲ್ಲ. ಎದುರಾಳಿ ರಾಜಕಾರಣಿಯೊಬ್ಬರು ಅವರ ಬರಹವನ್ನು ಗುಲಾಮರ ಕೇರಿಯ ಚಾಡಿಮಾತೆಂದು ಹಳಿದರು. ಆಂತೊನಿಯೆತಾ ಪತ್ರಿಕೆಯಲ್ಲೇ ಉತ್ತರ ಕೊಟ್ಟರು, ತಮ್ಮ ಕಪ್ಪು ಬಣ್ಣವನ್ನು ಮರೆಮಾಚಲಿಲ್ಲ.

1952ರಲ್ಲಿ ಅವರು ತೀರಿಕೊಂಡಾಗ ವಯಸ್ಸು ಬರೀ ಐವತ್ತು. ಇಂದು ಫ್ಲೋರಿಯಾನೊಪೊಲಿಸ್‌ನ ಒಂದು ದೊಡ್ಡ ರಸ್ತೆ ಸುರಂಗಕ್ಕೂ ಶಾಸನಸಭೆಯ ಸಭಾಂಗಣಕ್ಕೂ ಅವರ ಹೆಸರಿದೆ. 2023ರಲ್ಲಿ ಬ್ರೆಜಿಲ್ ಅವರನ್ನು ರಾಷ್ಟ್ರದ ವೀರರ ಪಟ್ಟಿಗೆ ಸೇರಿಸಿತು. ಅವರು ತೆರೆದ ಪಾಠಶಾಲೆಯನ್ನು ಮಾತ್ರ, ಯಾವ ಗೌರವಕ್ಕೂ ಕಾಯದೆ, ಸಹೋದರಿ ಲಿಯೊನೋರ್ 1964ರವರೆಗೆ ನಡೆಸಿದರು.