ಮೊದಲ ಎಕ್ಸ್‌ರೇಯಲ್ಲಿ ಇಲ್ಲದ ಗೆರೆ

ಹೋದ ವರ್ಷ ಮೆಟ್ಟಿಲಿಳಿಯುವಾಗ ಕಾಲು ಜಾರಿ, ಅಂಗೈ ಊರಿಕೊಂಡು ಬಿದ್ದೆ. ಎಕ್ಸ್‌ರೇ ತೆಗೆದು, "ಮೂಳೆಗೆ ಏನೂ ಆಗಿಲ್ಲ, ಉಳುಕಿದೆ ಅಷ್ಟೆ" ಎಂದು ಕ್ರೇಪ್ ಬ್ಯಾಂಡೇಜ್ ಸುತ್ತಿ ಕಳಿಸಿದರು. ಎರಡು ವಾರ ಕಳೆದರೂ ಬಾಟಲಿಯ ಮುಚ್ಚಳ ತಿರುಗಿಸಲು ಆಗುತ್ತಿರಲಿಲ್ಲ. ಬೇರೆ ಡಾಕ್ಟರ ಹತ್ತಿರ ಹೋದೆ. ಅವರು ಫಿಲ್ಮ್ ಪಕ್ಕಕ್ಕಿಟ್ಟು, ಹೆಬ್ಬೆರಳು ಮೇಲೆತ್ತಲು ಹೇಳಿ, ಅದರ ಬುಡದಲ್ಲಿ ಮೂಡುವ ಸಣ್ಣ ಗುಳಿಯನ್ನು ಒತ್ತಿದರು. ಜೀವ ಹೋದ ಹಾಗಾಯಿತು! ಮತ್ತೆ ಎಕ್ಸ್‌ರೇ ತೆಗೆಸಿದಾಗ ಸ್ಕಾಫಾಯ್ಡ್ ಮೂಳೆಯ ನಡುವೆ ಕೂದಲೆಳೆಯಂಥ ಗೆರೆ ಕಂಡಿತು.

ಸ್ಕಾಫಾಯ್ಡ್ ಅಂದರೆ ಮಣಿಕಟ್ಟಿನಲ್ಲಿರುವ, ಗೋಡಂಬಿ ಆಕಾರದ ಪುಟ್ಟ ಮೂಳೆ. ಅದಕ್ಕೆ ರಕ್ತ ಬೆರಳಿನ ಕಡೆಯಿಂದ ಹಿಂದಕ್ಕೆ ಹರಿಯುತ್ತದೆ. ಹಾಗಾಗಿ ನಡುವೆ ಮುರಿದರೆ ಹಿಂದಿನ ತುಂಡಿಗೆ ರಕ್ತ ಸಿಗದೆ ಅದು ಸತ್ತೇ ಹೋಗಬಹುದು. ಸುಮ್ನೆ ಉಳುಕು ಎಂದು ಬಿಡುವ ವಿಷಯ ಅಲ್ಲ ಇದು.

"ಈಗ ಎಐ ಇದೆಯಲ್ಲ, ಅದಾಗಿದ್ದರೆ ಅವತ್ತೇ ಹಿಡಿದುಬಿಡುತ್ತಿತ್ತು" ಎಂದು ತುಂಬಾ ಜನ ಹೇಳಿದರು. ನಾನೂ ಹಾಗೇ ಅಂದುಕೊಂಡು ಓದತೊಡಗಿದೆ.

ಎಕ್ಸ್‌ರೇಯಲ್ಲಿ ಮುರಿತ ಹುಡುಕುವ ಎಐ ಸಾಫ್ಟ್‌ವೇರ್‌ಗೆ ತಜ್ಞರು ಗುರುತು ಹಾಕಿದ ಸಾವಿರಾರು ಎಕ್ಸ್‌ರೇಗಳನ್ನು ತೋರಿಸಿ ಕಲಿಸುತ್ತಾರೆ. ಆಮೇಲೆ ಹೊಸ ಚಿತ್ರ ಕೊಟ್ಟರೆ, ಅನುಮಾನ ಬಂದ ಜಾಗದ ಸುತ್ತ ಒಂದು ಚೌಕ ಹಾಕುತ್ತದೆ. 2018ರಲ್ಲಿ, ಔಷಧ ಮತ್ತು ವೈದ್ಯಕೀಯ ಉಪಕರಣಗಳ ಮೇಲೆ ನಿಗಾ ಇಡುವ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟ ಇಂಥದೊಂದು ಸಾಫ್ಟ್‌ವೇರ್, ಆಸ್ಟಿಯೋಡಿಟೆಕ್ಟ್‌ಗೆ ಗೊತ್ತಿದ್ದದ್ದು ವಯಸ್ಕರ ಮಣಿಕಟ್ಟಿನ ಹತ್ತಿರ ಮುಂಗೈಯ ರೇಡಿಯಸ್ ಮೂಳೆ ಮುರಿಯುವುದು ಮಾತ್ರ. ಪಕ್ಕದಲ್ಲೇ ಇರುವ ನನ್ನ ಸ್ಕಾಫಾಯ್ಡ್ ಅದರ ಲೆಕ್ಕಕ್ಕೇ ಇಲ್ಲ. ಈಗಿನವು ಜಾಸ್ತಿ ಮೂಳೆಗಳನ್ನು ನೋಡುತ್ತವೆ. 2025ರಲ್ಲಿ ಯಾವ ಚಿಕಿತ್ಸೆ, ಉಪಕರಣ ಬಳಸಬಹುದು ಎಂದು ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ ತುರ್ತು ಚಿಕಿತ್ಸೆಯಲ್ಲಿ ಇಂಥ ನಾಲ್ಕು ಸಾಫ್ಟ್‌ವೇರ್ ಬಳಸಬಹುದು ಎಂದಿತು, ಆದರೆ ಚಿತ್ರವನ್ನು ವೈದ್ಯರೂ ನೋಡಲೇಬೇಕು. ನನಗಿದು ಸರಿ ಅನಿಸುತ್ತದೆ. ನಡುರಾತ್ರಿ ರೇಡಿಯಾಲಜಿಸ್ಟ್ ಇಲ್ಲದಾಗ, ಹತ್ತಾರು ಫಿಲ್ಮ್ ನೋಡಿ ಸುಸ್ತಾದ ಡ್ಯೂಟಿ ಡಾಕ್ಟರಿಗೆ "ಇಲ್ಲಿ ಇನ್ನೊಮ್ಮೆ ನೋಡಿ" ಎನ್ನುವ ಒಂದು ಚೌಕ ಎಷ್ಟು ಆಸರೆ ಅಲ್ವಾ?

ಆದರೆ 2019ರ ಒಂದು ಅಧ್ಯಯನ ನನ್ನನ್ನು ಬೆಚ್ಚಿಬೀಳಿಸಿತು. ಸೊಂಟದ ಮುರಿತ ಹುಡುಕಲು ಕಲಿತ ಪ್ರೋಗ್ರಾಂ, ಚಿತ್ರ ಯಾವ ಮೆಷಿನ್ನಿನಲ್ಲಿ ತೆಗೆದದ್ದು ಎಂಬಂಥ ಸುಳಿವುಗಳನ್ನೂ ಅದೇ ಚಿತ್ರದಿಂದ ಹೆಕ್ಕಬಲ್ಲದಾಗಿತ್ತು. ರೋಗಿಯ ವಿವರ, ಆಸ್ಪತ್ರೆಯ ವಿವರ ಎಲ್ಲವನ್ನೂ ಮುರಿತ ಇದ್ದವರು, ಇಲ್ಲದವರು ಎರಡೂ ಕಡೆ ಸಮ ಮಾಡಿ ಪರೀಕ್ಷಿಸಿದಾಗ ಅದರ ಉತ್ತರ ನಾಣ್ಯ ಚಿಮ್ಮಿ ಹೇಳಿದಷ್ಟೇ ಆಯಿತು. ಮುರಿತವನ್ನೇ ನೋಡಿ ಹೇಳುತ್ತಿದೆ ಎಂದು ನಂಬುವುದು ಹೇಗೆ?

ಎರಡನೇ ಎಕ್ಸ್‌ರೇ ಬಂದ ಮೇಲೆ ಆ ಎರಡನೇ ಡಾಕ್ಟರು ನನ್ನ ಮೊದಲ ಫಿಲ್ಮನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು. "ಇದರಲ್ಲಿ ಗೆರೆ ಇಲ್ಲವೇ ಇಲ್ಲ" ಎಂದರು. ಸ್ಕಾಫಾಯ್ಡ್ ಮುರಿತ ಮೊದಲ ದಿನ ಕಾಣದಿರುವುದು ಅಪರೂಪವಲ್ಲವಂತೆ. ಚಿತ್ರದಲ್ಲೇ ಇಲ್ಲದ್ದನ್ನು ಯಾವ ಸಾಫ್ಟ್‌ವೇರ್ ತಾನೇ ಹುಡುಕೀತು? ಅವತ್ತು ತಪ್ಪಿದ್ದು ಕಣ್ಣಲ್ಲ, ಆ ಗುಳಿಯನ್ನು ಯಾರೂ ಒತ್ತಿ ನೋಡಲಿಲ್ಲ.

ನೀವೂ ಅಂಗೈ ಊರಿ ಬಿದ್ದು, ಹೆಬ್ಬೆರಳ ಬುಡದ ಆ ಗುಳಿಯಲ್ಲಿ ನೋವಿದ್ದರೆ, ಚೌಕ ಬಂದಿಲ್ಲ ಎಂದರೂ, ಅಲ್ಲಿ ನೋಯುತ್ತಿದೆ ಎಂದು ಬಾಯಿ ಬಿಟ್ಟು ಹೇಳಿ. ಕೈ ಅಲುಗಾಡದಂತೆ ಕಟ್ಟಿಸಿಕೊಂಡು, 10–14 ದಿನ ಬಿಟ್ಟು ಮತ್ತೆ ಎಕ್ಸ್‌ರೇ ಬೇಕಾ, ಅಥವಾ ಈಗಲೇ ಎಂಆರ್‌ಐ ಮಾಡಿಸಬೇಕಾ ಎಂದು ಕೇಳಿ.