ಕೆರೆದು ಉಳಿಸಿದ ಹೂವು

ನಿನ್ನೆ ರಾತ್ರಿ ಬಹಳ ಹೊತ್ತು ಒಂದೇ ಚಿತ್ರವನ್ನು ನೋಡುತ್ತ ಕುಳಿತಿದ್ದೆ. ಅದು ಉತ್ತರ ಚೀನಾದ ಹೆಬೈ ಪ್ರಾಂತ್ಯದ ತ್ಸಿಝೌ ಆವಿಗೆಗಳಲ್ಲಿ, ಸುಮಾರು 12ನೆಯ ಶತಮಾನದಲ್ಲಿ ಸುಟ್ಟು ತೆಗೆದ ಹೂಜಿ. ಕಿರಿದಾದ ಬಾಯಿ, ತುಂಬಿದ ಭುಜ, ಕೆಳಗಿಳಿದಂತೆ ಸಣ್ಣಗಾಗುವ ಮೈ. ಮೇಯ್‌ಪಿಂಗ್ ಎಂದು ಕರೆಯುವ ಈ ಆಕಾರದ ಪಾತ್ರೆಗಳಲ್ಲಿ ಮದ್ಯ ತುಂಬಿಡುತ್ತಿದ್ದರು.

ಬೂದು ಬಣ್ಣದ ಒರಟು ಮಣ್ಣನ್ನು ಮರೆಮಾಡಲು ಕುಂಬಾರನು ಮೊದಲು ಬಿಳಿಯ ಜೇಡಿಮಣ್ಣನ್ನು ತೆಳುವಾಗಿ ಕಲಸಿ ಬಳಿದು, ಅದರ ಮೇಲೆ ಕಪ್ಪು ಲೇಪ ಕೊಟ್ಟು, ಪಿಯೋನಿ ಹೂವಿನ ಅಂಚನ್ನು ಗೀರಿ, ಹೂವನ್ನು ಹಾಗೆಯೇ ಬಿಟ್ಟು ಸುತ್ತಲಿನ ಕಪ್ಪನ್ನಷ್ಟೇ ಕೆರೆದು ತೆಗೆಯುತ್ತಿದ್ದನು. ಕೈ ತುಸು ಭಾರವಾದರೂ ಬಿಳಿಯ ಪದರ ಕಿತ್ತುಹೋಗಿ ಅಡಿಯ ಬೂದು ಮಣ್ಣು ಇಣುಕುತ್ತದೆ. ಆ ಎರಡು ಪದರಗಳ ನಡುವಿನ ಕೂದಲೆಳೆಯಷ್ಟು ಅಂತರವನ್ನು ಬೆರಳುಗಳು ಅರಿತಿದ್ದ ಬಗೆಯನ್ನು ನೆನೆದರೆ ನನಗೆ ನಿಜವಾಗಿಯೂ ಮಾತು ಹೊರಡುವುದಿಲ್ಲ. ಆಮೇಲೆ ಪಾರದರ್ಶಕ ಮೆರುಗು ಹೊದಿಸಿ ಸುಡುತ್ತಿದ್ದರು.

ಅರಮನೆಗೆಂದೇ ಮಾಡಿದ ನಯವಾದ, ‘ರೂ’ ಎಂಬ ಹೆಸರಿನ ಚೀನೀ ಪಾತ್ರೆಗಳಿಗಿಂತ, ಸಾಮಾನ್ಯ ಜನರ ಬಳಕೆಗೆ ಬಂದ ಇವೇ ನನಗೆ ಹೆಚ್ಚು ಆಪ್ತ. ಚಿತ್ರವನ್ನು ಹಿಗ್ಗಿಸಿದಾಗ, ಒಂದು ಎಲೆಯ ತುದಿಯಲ್ಲಿ ಉಳಿಯು ಗೆರೆ ದಾಟಿ ಜಾರಿದ ಗುರುತು ಕಂಡಿತು. ಅದನ್ನು ಯಾರೂ ತಿದ್ದಿರಲಿಲ್ಲ.