ಚೆನ್ನಾಗಿಲ್ಲ ಅಂದ್ರೆ ಯಾವ ಪುಟದಲ್ಲಿ?

ಮೈಸೂರಿನ ಒಂದು ಶಾಲೆಯಲ್ಲಿ ನಾನು ಲೈಬ್ರರಿ ನೋಡಿಕೊಳ್ಳುತ್ತೇನೆ. ಐದನೇ ತರಗತಿಯಿಂದ ಹತ್ತನೇ ತರಗತಿವರೆಗಿನ ಮಕ್ಕಳು ಬರುತ್ತಾರೆ. ಪುಸ್ತಕ ವಾಪಸ್ ತಂದಾಗ "ಹೇಗಿತ್ತು?" ಅಂತ ಕೇಳುವುದು ಈ ಕೆಲಸದವರ ಅಭ್ಯಾಸ. "ಚೆನ್ನಾಗಿತ್ತು ಮಿಸ್" ಅನ್ನುವುದು ಮಕ್ಕಳ ಅಭ್ಯಾಸ. ಅಲ್ಲಿಗೆ ಮಾತು ಮುಗಿಯುತ್ತದೆ. ಆ ಪ್ರಶ್ನೆಯನ್ನು ನಾನೀಗ ಕೇಳುವುದೇ ಇಲ್ಲ. ಆ ಅಭ್ಯಾಸ ಬಿಡಿಸಿದ್ದು, ಮಾಂತ್ರಿಕರ ಶಾಲೆಯಲ್ಲಿ ಓದುವ ಹುಡುಗನ ಕಥೆಯಾದ ಜೆ.ಕೆ. ರೌಲಿಂಗ್‌ರ ಹ್ಯಾರಿ ಪಾಟರ್ ಸರಣಿಯ ಐದನೇ ಪುಸ್ತಕ, 'ಆರ್ಡರ್ ಆಫ್ ದಿ ಫೀನಿಕ್ಸ್'.

ಇಶ್ಯೂ ರಿಜಿಸ್ಟರ್ ತೆಗೆದು ನೋಡಿದರೆ ಈ ಪುಸ್ತಕ ಬೇರೆಯೇ ಜಾತಿಯದು ಅಂತ ಗೊತ್ತಾಗುತ್ತದೆ. ಒಂದರಿಂದ ನಾಲ್ಕನೇ ಪುಸ್ತಕದವರೆಗೆ ಮಕ್ಕಳು ಬಿಡುವೇ ಕೊಡದೆ ಓದುತ್ತಾರೆ. ಐದಕ್ಕೆ ಬಂದಾಗ ಎರಡು ಗುಂಪಾಗುತ್ತಾರೆ. ಕೆಲವರು ತಗೊಂಡು ಹೋದ ವಾರದಲ್ಲೇ ತಂದಿಟ್ಟು ಬೇರೆ ಏನೋ ಹುಡುಕುತ್ತಾರೆ. ಇನ್ನು ಕೆಲವರು ರಿನ್ಯೂ ಮಾಡಿಸುತ್ತಲೇ ಇರುತ್ತಾರೆ. ಸರಣಿಯಲ್ಲಿ ತುಂಬಾ ಇಷ್ಟವಾದದ್ದು ಯಾವುದು ಅಂದರೂ ಈ ಹೆಸರು ಬರುತ್ತದೆ, ತುಂಬಾ ಬೋರ್ ಆದದ್ದು ಯಾವುದು ಅಂದರೂ ಇದೇ ಬರುತ್ತದೆ.

ದಪ್ಪ ಒಂದು ಕಾರಣ, ಅದನ್ನು ಅಲ್ಲಗಳೆಯುವುದಿಲ್ಲ. ಬ್ರಿಟನ್ನಿನಲ್ಲಿ ಮೊದಲು ಬಂದ ಮುದ್ರಣದಲ್ಲಿ ಒಂದನೇ ಪುಸ್ತಕ 223 ಪುಟ, ಮೂರನೆಯದು 317, ನಾಲ್ಕನೆಯದು 636, ಇದು 766. ಅಮೆರಿಕದ ಮುದ್ರಣದಲ್ಲಂತೂ 870. ಏಳು ಪುಸ್ತಕಗಳಲ್ಲಿ ಇದೇ ಉದ್ದ. 2003ರ ಜೂನ್ 21ರಂದು ಇದು ಬಂದಾಗ ಓದುಗರು ಸುಮಾರು ಮೂರು ವರ್ಷ ಕಾದಿದ್ದರು. ಅದೇ ವರ್ಷ ವಾಷಿಂಗ್ಟನ್‌ನ ಮಕ್ಕಳ ಡಾಕ್ಟರೊಬ್ಬರು ಅಮೆರಿಕದ ಹೆಸರಾಂತ ವೈದ್ಯಕೀಯ ಪತ್ರಿಕೆಗೆ ಒಂದು ಪತ್ರ ಬರೆದರು. ಎಂಟರಿಂದ ಹತ್ತು ವರ್ಷದ ಮೂವರು ಮಕ್ಕಳು ತಲೆನೋವು ಅಂತ ಬಂದಿದ್ದರಂತೆ. ಕಾರಣ ಹುಡುಕಿದರೆ ಈ ಪುಸ್ತಕ. ಸ್ವಲ್ಪ ಓದು ನಿಲ್ಲಿಸಿ ಅಂದರೆ ಇಬ್ಬರು ಒಪ್ಪಲಿಲ್ಲ, ಮಾತ್ರೆ ತಗೊಂಡು ಓದಿದರು. ಪುಸ್ತಕ ಮುಗಿದ ಮೇಲೆ ನೋವೂ ಹೋಯಿತು. "ಇಷ್ಟು ದಪ್ಪದ್ದು ಯಾಕೆ ಕೊಡ್ತೀರಿ" ಅಂತ ದೂರು ತರುವ ಪೋಷಕರಿಗೆ ನಾನು ಈ ಕಥೆ ಹೇಳುತ್ತೇನೆ. ಕೆಲವರು ನಗುತ್ತಾರೆ. ಕೆಲವರು ಇನ್ನೂ ಗಾಬರಿಯಾಗುತ್ತಾರೆ.

ಆದರೆ ದಪ್ಪ ಒಂದೇ ಕಾರಣವಾಗಿದ್ದರೆ ನಾಲ್ಕನೇ ಪುಸ್ತಕವನ್ನೂ ಬಿಡಬೇಕಿತ್ತು, ಅಲ್ವಾ?

ಅದಕ್ಕೆ ನಾನು ಪುಸ್ತಕದ ಹಿಂಬದಿಯ ಪಾಕೆಟ್‌ನಲ್ಲಿ ಖಾಲಿ ಚೀಟಿಗಳನ್ನು ಇಡಲು ಶುರು ಮಾಡಿದೆ. ಮೇಲೆ ಪುಟದ ನಂಬರ್, ಕೆಳಗೆ ಒಂದು ಸಾಲು. ಹೆಸರು ಬರೆಯುವ ಹಾಗಿಲ್ಲ. ಬರೆದು ಮಡಚಿ ಆ ಪುಟದಲ್ಲೇ ಇಡಬೇಕು. ಆ ಪುಟ ದಾಟಿದವರು ಮಾತ್ರ ಬಿಚ್ಚಿ ಓದಬಹುದು. ಈ ನಿಯಮವನ್ನು ಯಾರೂ ಪೂರ್ತಿ ಪಾಲಿಸಲಿಲ್ಲ ಬಿಡಿ. ಹ್ಯಾರಿಯ ಶಾಲೆಯ ಸ್ನೇಪ್ ಮೇಷ್ಟ್ರ ಬಗ್ಗೆ ಇಲ್ಲಿ ಬರೆಯಲಾಗದ ಮಾತುಗಳೂ ಬಂದವು. ಆದರೂ ಪುಟದ ನಂಬರ್ ಕೇಳಿದ ತಕ್ಷಣ ಮಕ್ಕಳ ಮಾತೇ ಬದಲಾಯಿತು. "ಬೋರ್" ಅಂತ ಬರೆದವರೂ ಎಲ್ಲಿ ಬೋರ್ ಅಂತ ತೋರಿಸಲೇಬೇಕಾಯಿತು.

ಬೋರ್ ಚೀಟಿಗಳು ಹೆಚ್ಚಾಗಿ ಮೊದಲ ಭಾಗದಲ್ಲೇ ಇದ್ದವು. ಕಾರಣ ಸುಲಭ. ಒಂದನೇ ಪುಸ್ತಕದಲ್ಲಿ ಆರನೇ ಅಧ್ಯಾಯಕ್ಕೇ ಹ್ಯಾರಿ ಶಾಲೆಗೆ ಹೋಗುವ ರೈಲು ಹತ್ತುತ್ತಾನೆ. ಇಲ್ಲಿ ರೈಲು ಬರುವುದು ಹತ್ತನೇ ಅಧ್ಯಾಯದಲ್ಲಿ, ಅವನ ಶಾಲೆ ಹಾಗ್ವಾರ್ಟ್ಸ್‌ನ ಊಟದ ಹಾಲ್ ಹನ್ನೊಂದರಲ್ಲಿ. ಅಲ್ಲಿವರೆಗೆ ಹ್ಯಾರಿ ದೊಡ್ಡಮ್ಮನ ಮನೆ, ಗಾಡ್‌ಫಾದರ್ ಸಿರಿಯಸ್‌ನ ಕತ್ತಲೆ ಮನೆ, ಕೋರ್ಟು ಅಂತ ಸುತ್ತುತ್ತಾನೆ. ದೊಡ್ಡವರು, ಮಕ್ಕಳು ಎಲ್ಲ ಸೇರಿ ಮನೆ ಗುಡಿಸುತ್ತಾರೆ. ಹತ್ತು ವರ್ಷದ ಓದುಗರಿಗೆ ಬೇಕಿರುವುದು ಆ ಶಾಲೆ. ಅದು ಸಿಗದಿದ್ದರೆ ಅವರು ಪುಸ್ತಕ ಮುಚ್ಚುತ್ತಾರೆ. ಈಗ ಐದನೇ ತರಗತಿಯವರು ಈ ಪುಸ್ತಕ ಕೇಳಿದರೆ "ನಿನಗೆ ಇನ್ನೂ ಬೇಡ" ಅಂತ ಹೇಳುವುದಿಲ್ಲ. "ಶಾಲೆ ಬರೋದು ಸ್ವಲ್ಪ ಲೇಟು, ರೈಲು ಹತ್ತಿದ ಮೇಲೆ ಬಂದು ಹೇಳು" ಅನ್ನುತ್ತೇನೆ. ಇಷ್ಟು ಹೇಳಿದರೆ ಸಾಕು, ಅರ್ಧದಷ್ಟು ಮಕ್ಕಳು ತಡ್ಕೊಳ್ಳುತ್ತಾರೆ.

ಹ್ಯಾರಿಯ ಕೂಗಾಟದ ಬಗ್ಗೆ ಬಂದ ಚೀಟಿಗಳು ಇನ್ನೂ ಮಜವಾಗಿದ್ದವು. ಬೇಸಿಗೆಯೆಲ್ಲ ಯಾರೂ ಅವನಿಗೆ ಸರಿಯಾದ ಸುದ್ದಿ ಕೊಟ್ಟಿರುವುದಿಲ್ಲ. ಸಿರಿಯಸ್ ಮನೆಗೆ ಬಂದವನೇ ಜೊತೆಗೆ ಓದುವ ಗೆಳೆಯರಾದ ರಾನ್ ಮತ್ತು ಹರ್ಮಾಯನಿ ಮೇಲೆ ಕಿರುಚಾಡುತ್ತಾನೆ. ಅಚ್ಚಿನಲ್ಲೂ ಆ ಮಾತುಗಳೆಲ್ಲ ದೊಡ್ಡಕ್ಷರದಲ್ಲೇ ಇವೆ. "ಇವನಿಗೆ ಏನಾಗಿದೆ? ಮೊದಲು ಒಳ್ಳೆಯವನಿದ್ದ" ಅಂತ ಒಂದು ಚೀಟಿ. ಅಕ್ಷರ ನೋಡಿದರೆ ಆರನೇ ತರಗತಿ ಇರಬೇಕು. ಅದರ ಕೆಳಗೇ ಬೇರೆ ಪೆನ್ನಿನಲ್ಲಿ, "ನಿಂಗೂ ಹದಿನೈದು ಆಗ್ಲಿ, ಆಗ ಗೊತ್ತಾಗುತ್ತೆ." ಎರಡನ್ನೂ ಕಿತ್ತು ಹಾಕದೆ ಹಾಗೇ ಬಿಟ್ಟೆ. ಪುಸ್ತಕದಲ್ಲಿ ಹ್ಯಾರಿಗೆ ಹದಿನೈದು. ಆ ವರ್ಷದ ಕೊನೆಯಲ್ಲಿ ಅವನಿಗೆ ದೊಡ್ಡ ಪರೀಕ್ಷೆ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳ ವಯಸ್ಸೂ ಅದೇ, ಗತಿಯೂ ಅದೇ. ಹತ್ತನೇ ತರಗತಿಯವರು ಈ ಪುಸ್ತಕವನ್ನು ಎರಡನೇ ಸಲ ಒಯ್ಯುತ್ತಾರೆ, ಅದೂ ಪ್ರಿಪರೇಟರಿ ಹತ್ತಿರ ಬಂದಾಗ! ಪೋಷಕರಿಗೆ ಇದು ಗೊತ್ತಿಲ್ಲ. ನಾನಂತೂ ಹೇಳಲ್ಲ.

ಕ್ಲಾಸ್ ಲೀಡರ್ ಆಯ್ಕೆ ನಡೆಯುವ ತಿಂಗಳಲ್ಲಿ ಮತ್ತೊಂದು ಜಾಗದಲ್ಲಿ ಚೀಟಿಗಳು ಸೇರುತ್ತವೆ. ರಾನ್ ಪ್ರಿಫೆಕ್ಟ್, ಅಂದರೆ ವಿದ್ಯಾರ್ಥಿ ನಾಯಕ ಆಗುತ್ತಾನೆ, ಹ್ಯಾರಿ ಆಗುವುದಿಲ್ಲ. ಗೆಳೆಯನ ಎದುರು ಖುಷಿಯ ಮುಖ ಮಾಡಿಕೊಂಡು ಒಳಗೊಳಗೇ ಉರಿದುಕೊಳ್ಳುವ ಆ ಕೆಲವು ಪುಟಗಳು ಎಷ್ಟು ನಿಜ ಅಂತ ನಮ್ಮ ಮಕ್ಕಳಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಇನ್ನು ಆ ವರ್ಷ ಶಾಲೆಗೆ ಬರುವ ಹೊಸ ಟೀಚರ್ ಡೊಲೊರೆಸ್ ಅಂಬ್ರಿಜ್. ಗುಲಾಬಿ ಕಾರ್ಡಿಗನ್, ಮೇಜಿನ ತುಂಬ ಲೇಸು, ಗೋಡೆಯ ಮೇಲೆ ಬೆಕ್ಕಿನ ಮರಿಗಳ ಪ್ಲೇಟು, ಮಾತಿಗೆ ಮೊದಲು ಸಣ್ಣ ಕೆಮ್ಮು. 2003ರಲ್ಲೇ ಭಯಾನಕ ಕಾದಂಬರಿಗಳ ಲೇಖಕ ಸ್ಟೀಫನ್ ಕಿಂಗ್ ಈಕೆಯನ್ನು ನರಭಕ್ಷಕ ಕೊಲೆಗಾರ ಹ್ಯಾನಿಬಲ್ ಲೆಕ್ಟರ್ ನಂತರದ ಅತಿ ದೊಡ್ಡ ಕಾಲ್ಪನಿಕ ಖಳಪಾತ್ರ ಅಂತ ಕರೆದಿದ್ದರು. ನಮ್ಮ ಮಕ್ಕಳು ಆ ಲೇಖನ ಓದಿಲ್ಲ. ಆದರೂ ಅವರ ತೀರ್ಪು ಅದೇ. ಸರಣಿಯ ಮುಖ್ಯ ಖಳ ವೋಲ್ಡೆಮಾರ್ಟ್ ಬಗ್ಗೆ ಚೀಟಿ ಕಡಿಮೆ, ಅಂಬ್ರಿಜ್ ಬಗ್ಗೆ ರಾಶಿ.

ಆಕೆಯ ಶಿಕ್ಷೆಯನ್ನು ನೆನಪಿಸಿಕೊಳ್ಳಿ. ಹ್ಯಾರಿ ಒಂದೇ ಸಾಲನ್ನು ಮತ್ತೆ ಮತ್ತೆ ಬರೆಯಬೇಕು, ನಾನು ಸುಳ್ಳು ಹೇಳಬಾರದು ಅಂತ. ಬರೆದಿದ್ದೆಲ್ಲ ಅವನ ಕೈ ಹಿಂಬದಿಯಲ್ಲಿ ಗಾಯವಾಗಿ ಮೂಡುತ್ತದೆ. ಶಾಯಿಯೇ ಅವನ ರಕ್ತ. ಇಂಪೊಸಿಷನ್ ಬರೆದು ಅಭ್ಯಾಸವಿರುವ ಮಕ್ಕಳು ಇದನ್ನು ಮಾಯಾಲೋಕದ ವಿಷಯ ಅಂತ ಓದುವುದಿಲ್ಲ. ಆ ಪುಟದಲ್ಲಿ ಒಂದು ಚೀಟಿ ಸಿಕ್ಕಿತು, ಅಲ್ಲಿನ ಹೆಡ್‌ಮಾಸ್ಟರ್ ಹೆಸರು ಹಿಡಿದು: "ಇವನು ಯಾಕೆ ಡಂಬಲ್ಡೋರ್‌ಗೆ ಹೇಳಲ್ಲ?" ಅದಕ್ಕೆ ಬೇರೆ ಯಾರೋ ಉತ್ತರ ಬರೆದಿದ್ದರು. "ಹೇಳಿದ್ರೆ ಇನ್ನೂ ಜಾಸ್ತಿ ಆಗುತ್ತೆ." ಮೂರನೆಯವರು ಇನ್ನೊಬ್ಬ ಟೀಚರ್ ಹೆಸರು ತೆಗೆದಿದ್ದರು, "ಮೆಕ್‌ಗೊನಗಲ್‌ಗಾದ್ರೂ ಹೇಳ್ಬೇಕಿತ್ತು." ಹೆಸರಿಲ್ಲದ ಚೀಟಿಯಲ್ಲಿ ಮಕ್ಕಳು ತಮ್ಮತಮ್ಮಲ್ಲೇ ಜಗಳ ಆಡಿಕೊಂಡು ಒಂದು ದೊಡ್ಡ ವಿಷಯಕ್ಕೆ ಕೈ ಹಾಕಿದ್ದರು. ನಾನು ಮಾಡಿದ್ದು ಇಷ್ಟೇ. ಯಾರು ಬರೆದರು ಅಂತ ಹುಡುಕಲಿಲ್ಲ. ತೊಂದರೆಯಾದರೆ ಶಾಲೆಯಲ್ಲಿ ಯಾರ ಹತ್ತಿರ ಮಾತಾಡಬಹುದು, ಮಕ್ಕಳ ಸಹಾಯವಾಣಿ 1098 ಎಲ್ಲಿಂದ ಬೇಕಾದರೂ ಮಾಡಬಹುದು ಅಂತ ಒಂದು ಹಾಳೆಯನ್ನು ಕೌಂಟರ್ ಪಕ್ಕ ಅಂಟಿಸಿದೆ. ಅದಕ್ಕೂ ಪುಸ್ತಕಕ್ಕೂ ಸಂಬಂಧ ಇದೆ ಅಂತ ಎಲ್ಲೂ ಬರೆಯಲಿಲ್ಲ.

ಅಂಬ್ರಿಜ್ ಹೊರಡಿಸುವ ಆಜ್ಞೆಗಳಿಗೂ ನಂಬರ್ ಇರುತ್ತದೆ. 24ನೆಯದು ಅನುಮತಿ ಇಲ್ಲದ ಗುಂಪುಗಳನ್ನೆಲ್ಲ ರದ್ದು ಮಾಡುತ್ತದೆ. 26ನೆಯದರ ಪ್ರಕಾರ ಮೇಷ್ಟ್ರುಗಳು ತಮ್ಮ ಪಾಠಕ್ಕೆ ಸಂಬಂಧವಿಲ್ಲದ ಏನನ್ನೂ ಮಕ್ಕಳಿಗೆ ಹೇಳುವಂತಿಲ್ಲ. ಆಗ ಲೀ ಜೋರ್ಡನ್ ಎನ್ನುವ ಹುಡುಗ ಆಕೆಗೇ ತಿರುಗೇಟು ಕೊಡುತ್ತಾನೆ. ಕ್ಲಾಸಿನ ಹಿಂದೆ ಇಸ್ಪೀಟು ಆಡುವುದು ನಿಮ್ಮ ಪಾಠಕ್ಕೆ ಸಂಬಂಧವಿಲ್ಲ, ಹಾಗಾಗಿ ನೀವು ಅದಕ್ಕೆ ಬೈಯುವಂತಿಲ್ಲ ಅಂತ! ನಮ್ಮ ಹುಡುಗರು ಈ ಭಾಗವನ್ನು ಬಾಯಿಪಾಠ ಮಾಡಿದ್ದಾರೆ. ನನ್ನ ಗೋಡೆಯ ಮೇಲೂ ಬೋರ್ಡುಗಳಿವೆ. ಮೌನವಾಗಿರಿ, ಬ್ಯಾಗ್ ಹೊರಗಿಡಿ, ಪುಟ ಮಡಚಬೇಡಿ. ಒಂದು ಸೋಮವಾರ ಬಂದು ನೋಡಿದರೆ ಎಲ್ಲದರ ಮೂಲೆಯಲ್ಲೂ ಪೆನ್ಸಿಲಿನಲ್ಲಿ ಆಜ್ಞೆಯ ನಂಬರ್ ಬಿದ್ದಿತ್ತು. ನನಗೆ ನಗು ಬಂತು. ಹೆಡ್‌ಮೇಡಂ ಕೇಳಿದಾಗ ಅದು ಕ್ಯಾಟಲಾಗ್ ನಂಬರ್ ಅಂದುಬಿಟ್ಟೆ.

ಸಿರಿಯಸ್ ಸಾಯುವುದು 35ನೇ ಅಧ್ಯಾಯದಲ್ಲಿ. 2003ರ ಓದುಗರು ಒಂದು ಸಾವು ಬರುತ್ತದೆ ಅಂತ ತಿಳಿದೇ ಓದಿದ್ದರು. ಬರೆದಾಗ ತಾನು ಅತ್ತೆ ಅಂತ ರೌಲಿಂಗ್ ಮೊದಲೇ ಟಿವಿಯಲ್ಲಿ ಹೇಳಿದ್ದರು, ಯಾರು ಅಂತ ಮಾತ್ರ ಹೇಳಿರಲಿಲ್ಲ. ಈಗಿನ ಮಕ್ಕಳಿಗೆ ಯಾರು ಅನ್ನುವುದೂ ಗೊತ್ತು, ರೀಲ್ಸ್ ನೋಡಿ. ಹಾಗಿದ್ದರೆ ಆ ಪುಟದಲ್ಲಿ ಏನೂ ಅನ್ನಿಸುವುದಿಲ್ಲವೇ ಅಂದುಕೊಂಡಿದ್ದೆ. ಅನ್ನಿಸುತ್ತದೆ, ಆದರೆ ಬೇರೆ ಕಡೆ. ಸಿರಿಯಸ್ ಕಮಾನಿನ ಪರದೆಯಾಚೆ ಬೀಳುತ್ತಾನೆ, ಹೆಣವೂ ಇಲ್ಲ, ಕೊನೆಯ ಮಾತೂ ಇಲ್ಲ. ಅಲ್ಲಿ ಮಕ್ಕಳು ಸುಮ್ನೆ ದಾಟುತ್ತಾರೆ. ಕೊನೆಯ ಅಧ್ಯಾಯದಲ್ಲಿ ಹ್ಯಾರಿಯ ಪೆಟ್ಟಿಗೆಯೊಳಗೆ ಆ ಪೊಟ್ಟಣ ಸಿಗುತ್ತದಲ್ಲ, ಸಿಟ್ಟು ಬರುವುದು ಅಲ್ಲಿ. ಕ್ರಿಸ್‌ಮಸ್ ರಜೆ ಮುಗಿದಾಗ ಸಿರಿಯಸ್ ಕೊಟ್ಟಿದ್ದು, ಹ್ಯಾರಿ ಬಿಚ್ಚಿಯೇ ನೋಡಿರದಿದ್ದದ್ದು. ಒಳಗೆ ಕನ್ನಡಿ. ಅದರಲ್ಲಿ ಮಾತಾಡಬಹುದಿತ್ತು, ಸಿರಿಯಸ್ ಶತ್ರುಗಳ ಕೈಗೆ ಸಿಕ್ಕಿಲ್ಲ, ಮನೆಯಲ್ಲೇ ಇದ್ದಾನೆ ಅಂತ ತಿಳಿಯಬಹುದಿತ್ತು. "ಕನ್ನಡಿ ಇತ್ತು!!!" ಅಂತ ಬರೆದ ಚೀಟಿಗಳಿಗೆ ಲೆಕ್ಕವಿಲ್ಲ.

2007ರ ಸಿನಿಮಾದಲ್ಲಿ ಈ ಕನ್ನಡಿ ಕೊಡುವುದೇ ಇಲ್ಲ. ಇಷ್ಟು ದೊಡ್ಡ ಪುಸ್ತಕವನ್ನು 138 ನಿಮಿಷಕ್ಕೆ ಇಳಿಸಿದ್ದಾರೆ, ಏನೋ ಬಿಡಲೇಬೇಕು. ಆದರೆ ಏಳನೇ ಕಥೆಯ ಸಿನಿಮಾದಲ್ಲಿ ಹ್ಯಾರಿ ಕೈಯಲ್ಲಿ ಕನ್ನಡಿಯ ಚೂರು ದಿಢೀರನೆ ಬರುತ್ತದೆ. "ಮಿಸ್, ಅದು ಎಲ್ಲಿಂದ ಬಂತು?" ಅಂತ ಸಿನಿಮಾ ನೋಡಿದವರು ಕೇಳುತ್ತಾರೆ. ನಾನು ಉತ್ತರ ಹೇಳುವುದಿಲ್ಲ. ಐದನೇ ಪುಸ್ತಕ ಕೈಗೆ ಕೊಡುತ್ತೇನೆ. ನನ್ನ ಕೆಲಸದಲ್ಲಿ ಇಷ್ಟು ಸುಲಭವಾಗಿ ಪುಸ್ತಕ ದಾಟಿಸುವ ಅವಕಾಶ ಬೇರೆ ಸಿಕ್ಕಿಲ್ಲ.

ಸಿನಿಮಾ ಬಿಟ್ಟ ಇನ್ನೊಂದು ಜಾಗ ಆಸ್ಪತ್ರೆ. ಅಲ್ಲಿ ಹ್ಯಾರಿಯ ಸಹಪಾಠಿ ನೆವಿಲ್‌ನ ತಂದೆತಾಯಿ ಇದ್ದಾರೆ. ಚಿತ್ರಹಿಂಸೆಯಿಂದ ಬುದ್ಧಿ ಕಳೆದುಕೊಂಡವರು, ಮಗನ ಗುರುತೂ ಇಲ್ಲ. ತಾಯಿ ಮೆಲ್ಲಗೆ ಬಂದು ಮಗನ ಕೈಗೆ ಚೂಯಿಂಗ್ ಗಮ್‌ನ ಖಾಲಿ ಕಾಗದ ಕೊಡುತ್ತಾಳೆ. ಎಸೆದುಬಿಡು ಅನ್ನುತ್ತಾಳೆ ಅಜ್ಜಿ. ನೆವಿಲ್ ಅದನ್ನು ಜೇಬಿಗೆ ಹಾಕಿಕೊಂಡಂತೆ ಹ್ಯಾರಿಗೆ ಕಾಣುತ್ತದೆ. ಈ ಪುಟದಲ್ಲಿ ಚೀಟಿ ಬಹಳ ಕಡಿಮೆ. ಆದರೆ ನಮ್ಮ ಹಳೆಯ ಪ್ರತಿಯನ್ನು ಮೇಜಿನ ಮೇಲೆ ಇಟ್ಟರೆ ಅದು ತಾನಾಗಿ ತೆರೆದುಕೊಳ್ಳುವ ಜಾಗಗಳಲ್ಲಿ ಇದೂ ಒಂದು. ಮಕ್ಕಳು ಬರೆಯದೇ ಇದ್ದದ್ದನ್ನೂ ಪುಸ್ತಕದ ಮೈ ನೋಡಿ ತಿಳಿಯಬಹುದು. ಕೊಳೆಯಾದ ಅಂಚು, ಸಡಿಲವಾದ ಹೊಲಿಗೆ, ತಿಂಡಿಯ ಎಣ್ಣೆ. ವಾಪಸ್ ಬಂದ ಪುಸ್ತಕವನ್ನು ಶೆಲ್ಫಿಗೆ ಸೇರಿಸುವ ಮೊದಲು ಒಂದು ನಿಮಿಷ ಹೀಗೆ ನೋಡುವುದು ಈಗ ನನಗೆ ರೂಢಿಯಾಗಿದೆ.

ಇದೆಲ್ಲ ಸ್ಟಾಫ್‌ರೂಮಿಗೂ ತಿಳಿಯಿತು. ಸಹೋದ್ಯೋಗಿಯೊಬ್ಬರು ಒಳ್ಳೆಯ ಮನಸ್ಸಿನಿಂದಲೇ ಬಂದು, ಚೀಟಿಗಳನ್ನು ಓದುವ ಪ್ರಾಜೆಕ್ಟ್ ಮಾಡೋಣ, ಹತ್ತು ಅಂಕ ಇಡೋಣ ಅಂದರು. ಬೇಡ ಅಂದೆ. ಅಂಕ ಬಂದ ಮರುದಿನವೇ "ಈ ಕಾದಂಬರಿ ಸ್ನೇಹದ ಮಹತ್ವವನ್ನು ಸಾರುತ್ತದೆ" ಅಂತ ಬರೆದ ಚೀಟಿಗಳು ಬರುತ್ತವೆ, ನನಗೆ ಖಾತ್ರಿ. ರಾನ್‌ನ ಅವಳಿ ಅಣ್ಣಂದಿರಾದ ಫ್ರೆಡ್ ಮತ್ತು ಜಾರ್ಜ್ ಕೊನೆಯ ಪರೀಕ್ಷೆಯನ್ನೂ ಬರೆಯದೆ ಕಾರಿಡಾರಿನಲ್ಲಿ ಜೌಗು ಎಬ್ಬಿಸಿ ಪೊರಕೆ ಹತ್ತಿ ಶಾಲೆ ಬಿಟ್ಟು ಹೋಗುತ್ತಾರಲ್ಲ, ಆ ಪುಟದಲ್ಲಿರುವ ಖುಷಿಗೆ ಯಾವ ಮೇಷ್ಟ್ರು ಎಷ್ಟು ಅಂಕ ಕೊಟ್ಟಾರು? ಅವರು ಸ್ವಲ್ಪ ಬೇಜಾರು ಮಾಡಿಕೊಂಡರು. ಆಮೇಲೆ ತಾವೇ ಪುಸ್ತಕ ಒಯ್ದರು. ಅವರದೂ ಒಂದು ಚೀಟಿ ಒಳಗಿದೆ ಅಂತ ನನ್ನ ಅನುಮಾನ. ಅಂಬ್ರಿಜ್ ಮೊದಲ ಪಾಠ ಮಾಡುವ ಪುಟದಲ್ಲಿ, ತುಂಬಾ ನೀಟಾದ ಅಕ್ಷರ.

ಸದ್ಯ ಆ ಹಳೆಯ ಪ್ರತಿ ಬೈಂಡರ್ ಹತ್ತಿರ ಇದೆ. ಬೆನ್ನು ಪೂರ್ತಿ ಬಿಟ್ಟುಹೋಗಿತ್ತು. ಇಷ್ಟು ದಪ್ಪದ್ದು ನಿಲ್ಲಲ್ಲ, ಎರಡು ಭಾಗ ಮಾಡಿ ಹಾಕ್ತೀನಿ, ಎಲ್ಲಿ ಕತ್ತರಿಸ್ಲಿ ಅಂತ ಅವರು ಫೋನ್ ಮಾಡಿದರು. ಮಕ್ಕಳನ್ನೇ ಕೇಳಿದೆ. ಚಿಕ್ಕವರು ರೈಲಿನ ಹತ್ತಿರ ಕತ್ತರಿಸಿ, ಎರಡನೇ ಭಾಗದಿಂದಲೇ ಶುರು ಮಾಡ್ತೀವಿ ಅಂದರು. ಒಂಬತ್ತನೇ ತರಗತಿಯವರಿಗೆ ಇದು ಕೇಳಿಯೇ ಸಿಟ್ಟು ಬಂತು. ಆಸ್ಪತ್ರೆ ಮುಗಿದ ಮೇಲೆ ಕತ್ತರಿಸಬೇಕು ಅಂದಳು ಒಬ್ಬಳು. ಇನ್ನೊಬ್ಬ, ಎರಡು ಭಾಗವಾದರೆ ಮೊದಲನೆಯದನ್ನು ಓದಿ ಮುಗಿಸಿದವನು ಎರಡನೆಯದು ಇಶ್ಯೂ ಆಗಿದ್ದರೆ ಏನು ಮಾಡಬೇಕು ಅಂತ ಕೇಳಿದ. ನ್ಯಾಯವಾದ ಪ್ರಶ್ನೆ. ಬೈಂಡರ್‌ಗೆ ಶನಿವಾರ ಹೇಳ್ತೀನಿ ಅಂದಿದ್ದೇನೆ.